ಹಿತ್ತಲಿನ ಬೊಡ್ಡೆಗೆ ಹದಿನೈದು ದಿನ

ಹಿತ್ತಲಲ್ಲಿ ಎರಡು ಪಾತಿ ಸೊಪ್ಪು, ಒಂದು ಕರಿಬೇವು, ಒಂದು ನಿಂಬೆ, ಬೇಲಿಗೆ ಹಬ್ಬಿದ ಅವರೆಬಳ್ಳಿ. ಇಷ್ಟಿರಲೆಂದು ಯಾವ ಗೃಹಿಣಿ ಆಸೆಪಡುವುದಿಲ್ಲ? ಆದರೆ ಗುದ್ದಲಿ ಹಿಡಿದು ಹೊರಟರೆ ಹಿತ್ತಲಿನ ನಟ್ಟನಡುವೆ ಯಾರೋ ಎಂದೋ ಕಡಿದ ಮರದ ಬೊಡ್ಡೆ ಕುಳಿತಿರುತ್ತದೆ. ಬಟ್ಟೆ ಒಣಗಿಸಲು ಹೋದರೆ ಕಾಲಿಗೆ ತಾಗುತ್ತದೆ, ಮಕ್ಕಳು ಎಡವಿ ಬೀಳುತ್ತವೆ. ಮಳೆ ಬಿದ್ದ ವಾರಕ್ಕೆ ಸುತ್ತಲೂ ಚಿಗುರಿ ಪೊದೆಯಾಗುತ್ತದೆ. ಮನೆಯವರಿಗೆ ಹೇಳಿದರೆ, "ಆಗ್ಲಿ ನೋಡೋಣ, ಜೆಸಿಬಿ ತರಿಸೋಣ" ಎನ್ನುತ್ತಾರೆ. ಮೂರು ಅಡಿ ಓಣಿಯಲ್ಲಿ ಜೆಸಿಬಿ ಎಲ್ಲಿ ನುಗ್ಗೀತು? ಹೀಗೆ ವರ್ಷ ಉರುಳುತ್ತದೆ, ಬೊಡ್ಡೆ ಮಾತ್ರ ಅಲ್ಲೇ.

ಸೋದರಿಯರೇ, ಆ ಬೊಡ್ಡೆಯನ್ನು ನೀವೇ ಕೀಳಬಹುದು. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ಒಬ್ಬ ಜಟ್ಟಿಯ ತೋಳಿನ ಕೆಲಸವೂ ಅಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಸಾಕು. ಗಂಟು ಬಿದ್ದ ನೂಲಿನ ಉಂಡೆಯನ್ನು ಜಗ್ಗಿದರೆ ಗಂಟು ಇನ್ನೂ ಬಿಗಿಯುತ್ತದೆ. ಒಂದೊಂದೇ ಎಳೆ ಹುಡುಕಿ ಬಿಡಿಸಿದರೆ ತಾನಾಗಿ ಸಡಿಲವಾಗುತ್ತದೆ. ಬೊಡ್ಡೆಯ ಗುಟ್ಟೂ ಇಷ್ಟೇ. ಜಗ್ಗಬೇಡಿ, ಬಿಡಿಸಿ.

ಪಟ್ಟಂದೂರು ಅಗ್ರಹಾರದ ನೀಲಗಿರಿ

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ಮಗ್ಗುಲಲ್ಲಿ ಪಟ್ಟಂದೂರು ಅಗ್ರಹಾರವೆಂಬ ಊರಿದೆ. ಇಂದು ಅದನ್ನು ಕಂಡವರು ಊರೆಂದರೆ ನಂಬಲಾರರು. 1990ರ ದಶಕದಲ್ಲಿ ಅಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎದ್ದು ನಿಂತಿತು. 2023ರ ಮಾರ್ಚಿನಿಂದ ಮೆಟ್ರೋ ರೈಲು ಬರುತ್ತಿದೆ, ನಿಲ್ದಾಣಕ್ಕೆ ಊರಿನದೇ ಹೆಸರು. ಪಕ್ಕದ ನಿಲ್ದಾಣದ ಹೆಸರು ಕಾಡುಗೋಡಿ ಟ್ರೀ ಪಾರ್ಕ್. ಮರಗಳ ನೆನಪು ಹೀಗೆ ಹೆಸರಿನಲ್ಲಾದರೂ ಉಳಿದಿದೆ. ಅಲ್ಲಿಂದ ಹೊಸಕೋಟೆ, ಮಾಲೂರು, ಕೋಲಾರದ ಕಡೆ ಹೊರಟವರಿಗೆ ಗೊತ್ತು, ದಾರಿಯುದ್ದಕ್ಕೂ ಕಣ್ಣಿಗೆ ಬೀಳುತ್ತಿದ್ದದ್ದು ನೀಲಗಿರಿ ತೋಪುಗಳೇ. ತೋಪಿದ್ದ ಜಾಗದಲ್ಲಿ ನಿವೇಶನಗಳಾದವು, ನಿವೇಶನದಲ್ಲಿ ಮನೆಗಳಾದವು. ಮರ ಹೋಯಿತು, ಬೊಡ್ಡೆ ಉಳಿಯಿತು. ಅದಕ್ಕೇ ಈ ಲೇಖನದಲ್ಲಿ ನೀಲಗಿರಿಯ ಬೊಡ್ಡೆಯನ್ನೇ ಮುಂದಿಟ್ಟುಕೊಂಡಿದ್ದೇನೆ. ನಿಮ್ಮ ಹಿತ್ತಲಲ್ಲಿರುವುದು ಮಾವೋ ಸಿಲ್ವರ್ ಓಕೋ ಆಗಿದ್ದರೂ ಕ್ರಮ ಇದೇ.

ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೆ, 1790ರ ಸುಮಾರಿಗೆ, ನೆಟ್ಟವೇ ನಮ್ಮ ದೇಶದ ಮೊದಲ ನೀಲಗಿರಿ ಮರಗಳೆಂಬುದು ಪ್ರತೀತಿ. ಅದು ತೋಟದ ಶೋಕಿಗೆ ಬಂದ ಮರ. 1970 ಮತ್ತು 80ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಕ್ಕೂ ಇಳಿಯಿತು. ದನ ತಿನ್ನದು, ಕಾವಲು ಬೇಡ, ಕಡಿದರೆ ಮತ್ತೆ ಚಿಗುರುತ್ತದೆ, ಸೌದೆಗೂ ಗಳಕ್ಕೂ ಕಾಗದದ ಕಾರ್ಖಾನೆಗೂ ಮಾರಾಟವಾಗುತ್ತದೆ. ಇಷ್ಟು ಗುಣಗಳಿದ್ದ ಮೇಲೆ ರೈತ ನೆಡದೆ ಇರುತ್ತಾನೆಯೇ? ಒಪ್ಪದವರೂ ಇದ್ದರು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಹೆಂಗಸರು ಮಕ್ಕಳೊಡನೆ ಅರಣ್ಯ ಇಲಾಖೆಯ ಸಸಿಮಡಿಗೆ ಹೋಗಿ, ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಹುಣಸೆ ಮತ್ತು ಮಾವಿನ ಬೀಜ ಬಿತ್ತಿದರು.

ನೀರಿನ ವಿಷಯವನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಬ್ರಿಟನ್ನಿನ ಇಯಾನ್ ಕ್ಯಾಲ್ಡರ್ ಮತ್ತು ಅವರ ಕರ್ನಾಟಕದ ಸಹೋದ್ಯೋಗಿಗಳು ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಎಳೆಯ ಮರಗಳ ಬೇರು ವರ್ಷವರ್ಷಕ್ಕೆ ಆಳಕ್ಕಿಳಿದು, ಆ ಅವಧಿಯಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಮಣ್ಣಿನಿಂದ ಹೀರಿದ್ದು ಅಲ್ಲಿ ಕಂಡಿತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. 2024ರ ಬೇಸಗೆಯಲ್ಲಿ ಬೆಂಗಳೂರಿನ ಹೊರವಲಯದ ಎಷ್ಟೋ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡ್ ಕಡೆಯ ಮನೆಗಳು ಟ್ಯಾಂಕರ್ ದಾರಿ ಕಾಯ್ದದ್ದು ನಿಮಗೆ ನೆನಪಿರಬಹುದು. ಆ ಬರವನ್ನು ಒಂದು ಮರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಳೆ ಕೈಕೊಟ್ಟಿತ್ತು, ಕೆರೆಗಳು ಮುಚ್ಚಿದ್ದವು, ಬಾವಿಗಳು ಮಿತಿಮೀರಿದ್ದವು. ಆದರೆ ಬಿಂದಿಗೆ ಲೆಕ್ಕದಲ್ಲಿ ನೀರು ಹಾಕಿ ಸೊಪ್ಪು ಬೆಳೆಯುವ ನಿಮ್ಮ ಹಿತ್ತಲಲ್ಲಿ ಚಿಗುರುತ್ತಿರುವ ನೀಲಗಿರಿ ಬೊಡ್ಡೆಯೊಂದು ಪಾಲುದಾರನಾಗಿ ಕೂರುವುದು ಬೇಕೇ? ಪಾತಿಗೆ ಹಾಕಿದ್ದನ್ನೆಲ್ಲ ಮೊದಲು ಕುಡಿಯುವುದು ಅದೇ.

ಕೀಳಬೇಕಾದದ್ದು ಎಷ್ಟು?

ಇಲ್ಲಿ ಒಂದು ಸಮಾಧಾನದ ಸುದ್ದಿ ಇದೆ. ಬೇರು ಇಪ್ಪತ್ತು ಅಡಿ ಹೋಗಿದೆಯಂತೆ, ಅದನ್ನೆಲ್ಲ ಅಗೆಯೋದು ಹೇಗಪ್ಪಾ ಎಂದು ಹೆದರಬೇಡಿ. ನೀಲಗಿರಿಯ ಕಾಂಡ ಬೇರಿಗೆ ಸೇರುವ ಕಡೆ ಗಡ್ಡೆಯಂಥ ಉಬ್ಬು ಇರುತ್ತದೆ. ಮರದ ಆಹಾರದ ದಾಸ್ತಾನು ಅಲ್ಲಿ, ಮಲಗಿರುವ ಮೊಗ್ಗುಗಳೂ ಅಲ್ಲಿ. ಮೇಲೆ ಕಡಿದಷ್ಟೂ ಅದು ಎಚ್ಚೆತ್ತು ಚಿಗುರುತ್ತದೆ. ನೆಲಮಟ್ಟಕ್ಕೆ ಕಡಿದು ಮಣ್ಣು ಮುಚ್ಚಿದರೆ ಸಾಯದಿರಲು ಕಾರಣ ಇದೇ. ಆ ಉಬ್ಬು, ಎಂದರೆ ನೆಲದಿಂದ ಸುಮಾರು ಒಂದೂವರೆ ಅಡಿ ಆಳದವರೆಗಿನ ಬುಡ, ಹೊರಬಂದರೆ ನಿಮ್ಮ ಕೆಲಸ ಮುಗಿಯಿತು. ದೂರಕ್ಕೆ ಹರಿದ ಬೇರುಗಳು ಮಣ್ಣಿನಲ್ಲೇ ಸತ್ತು ಕೊಳೆಯುತ್ತವೆ. ತುಂಡು ಬೇರಿನಿಂದ ಮತ್ತೆ ಗಿಡವೇಳುವುದು ನೀಲಗಿರಿಯ ಸ್ವಭಾವವಲ್ಲ.

ಹೊಂಗೆ, ಬೇವು ಹಾಗಲ್ಲ. ಅವು ಬೇರಿನಿಂದಲೂ ಮರಿ ಹಾಕುತ್ತವೆ. ಅಂಥ ಬೊಡ್ಡೆ ಕಿತ್ತ ಮೇಲೆ ಒಂದು ವರ್ಷ ಕಣ್ಣಿಟ್ಟು, ಎದ್ದ ಮರಿಗಳನ್ನು ಬೆರಳುದ್ದವಿರುವಾಗಲೇ ಕಿತ್ತುಹಾಕುತ್ತಿರಬೇಕು. ನುಗ್ಗೆಯಂಥ ಮೆದು ಮರದ ಬೊಡ್ಡೆಗೆ ಇಷ್ಟೆಲ್ಲ ಶ್ರಮವೇ ಬೇಡ. ಚಿಗುರು ಮುರಿಯುತ್ತ, ಮೇಲೆ ಸಗಣಿಗೊಬ್ಬರ ಸುರಿದು ಒದ್ದೆಯಾಗಿಟ್ಟರೆ ಅದೇ ಕೊಳೆತು ಮಣ್ಣಾಗುತ್ತದೆ. ನೀಲಗಿರಿ ಗಟ್ಟಿ ಮರ, ಕೊಳೆಯಲಿ ಎಂದು ಕಾದರೆ ವರ್ಷಗಳೇ ಹಿಡಿಯುತ್ತವೆ.

ಮೊದಲು ಇಷ್ಟು ನೋಡಿಕೊಳ್ಳಿ

ಮರ ಇನ್ನೂ ನಿಂತಿದ್ದರೆ ಅದಕ್ಕೆ ನೀವು ಕೈ ಹಚ್ಚಬೇಡಿ. ಮರ ಉರುಳಿಸುವುದು ಬಲ್ಲವರ ಕೆಲಸ. ಅದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿಯುಂಟು, ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ನಿಮ್ಮ ಮರದ ವಿಷಯ ಹೇಗೆಂದು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಕಡಿಯುವವರು ಬಂದಾಗ ಒಂದು ಮಾತು ಮರೆಯದೆ ಹೇಳಿ: "ನೆಲಕ್ಕೆ ಸಮನಾಗಿ ಕಡೀಬೇಡಿ, ಎದೆಮಟ್ಟಕ್ಕೆ ಬಿಡಿ." ಆ ಮೂರು ನಾಲ್ಕು ಅಡಿ ಕಾಂಡವೇ ಮುಂದೆ ಬೊಡ್ಡೆಯನ್ನು ಅಲುಗಿಸಲು ನಿಮಗೆ ಹಿಡಿಕೆಯಾಗುತ್ತದೆ. ನೆಲಮಟ್ಟಕ್ಕೆ ಕಡಿದ ಬೊಡ್ಡೆಗೆ ಎರಡರಷ್ಟು ಅಗೆತ.

ಬೊಡ್ಡೆಯ ಸುತ್ತ ಏನೇನಿದೆ ನೋಡಿ. ನೀರಿನ ಪೈಪು, ಸಂಪು, ಒಳಚರಂಡಿ, ಬೋರ್‌ವೆಲ್ಲಿನ ವಯರು, ಅಡುಗೆ ಅನಿಲದ ಕೊಳವೆ, ಇವು ಎಲ್ಲಿ ಹಾದಿವೆಯೆಂದು ಮನೆ ಕಟ್ಟಿದವರನ್ನೋ ಹಿರಿಯರನ್ನೋ ಕೇಳಿ ತಿಳಿಯಿರಿ. ಮನೆಯ ಪಾಯಕ್ಕೋ ಕಾಂಪೌಂಡಿಗೋ ಎರಡು ಮೂರು ಅಡಿಯೊಳಗಿದ್ದರೆ, ಇಲ್ಲವೆ ಬೊಡ್ಡೆಯ ಅಡ್ಡಗಲ ಒಂದೂವರೆ ಅಡಿ ಮೀರಿದ್ದರೆ, ಮೇಸ್ತ್ರಿಯನ್ನು ಕರೆದು ತೋರಿಸಿ. ಅಂಥದ್ದನ್ನು ಒಬ್ಬರೇ ಮಾಡಬೇಡಿ.

ಬಸುರಿಯರು, ಬಾಣಂತಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಸೊಂಟದ ನೋವು ಅಥವಾ ಹೃದ್ರೋಗ ಇರುವವರು ಅಗೆಯುವ ಕೆಲಸಕ್ಕೆ ಇಳಿಯದೆ ಮೇಲ್ವಿಚಾರಣೆ ನೋಡಿಕೊಳ್ಳಲಿ. ಮನೆಯ ಕಾಲೇಜು ಹುಡುಗರು ಮೊಬೈಲು ಕೆಳಗಿಟ್ಟು ಅರ್ಧ ಗಂಟೆ ಬೆವರಿದರೆ ನಷ್ಟವೇನಿಲ್ಲ.

ಇನ್ನು ಹಾವು ಚೇಳು. ಹಳೆಯ ಬೊಡ್ಡೆಯ ಪೊಟರೆ ಅವಕ್ಕೆ ಅರಮನೆ. ಕೈ ಹಾಕುವ ಮುನ್ನ ಉದ್ದನೆಯ ಕೋಲಿನಿಂದ ಬಡಿದು, ಕೆದಕಿ ನೋಡಿ. ಹಾವು ಕಂಡರೆ ದೂರ ಸರಿದು ಹಾವು ಹಿಡಿಯುವವರನ್ನು ಕರೆಸಿ. ಒಂದು ವೇಳೆ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಕೈಕಾಲು ಆಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಬೇಕಾಗುವ ಸಾಮಾನು

ಗುದ್ದಲಿ, ಸಲಿಕೆ, ಐದು ಅಡಿಯ ಹಾರೆ (ನಮ್ಮ ಕಡೆ ಗಡಾರಿ ಎನ್ನುತ್ತಾರಲ್ಲ, ಅದೇ), ಕೊಂಬೆ ಕತ್ತರಿಸುವ ಕೈಗರಗಸ, ಕೊಡಲಿ ಅಥವಾ ಮಚ್ಚು, ಕಳೆ ಕೀಳುವ ಕುರ್ಪಿ, ಎರಡು ಬಾಂಡ್ಲಿ, ಒಂದು ಹಳೆಯ ಹಲಗೆ, ನಾಲ್ಕೈದು ದಪ್ಪ ಕಲ್ಲು. ಹಾರೆ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಬೀದಿಯ ಗಾರೆ ಕೆಲಸದವರಲ್ಲಿ ಇದ್ದೇ ಇರುತ್ತದೆ.

ಸೀರೆಯಾದರೆ ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆ ಎತ್ತಿ ಕಟ್ಟಿ. ಚೂಡಿದಾರವಾದರೆ ದುಪಟ್ಟಾ ಒಳಗಿಡಿ. ಗಾಜಿನ ಬಳೆ ಕಳಚಿಡಿ. ತೆಗೆಯಲು ಮನಸ್ಸಾಗದಿದ್ದರೆ ಮೇಲೆ ಬಟ್ಟೆ ಸುತ್ತಿ. ಹವಾಯಿ ಚಪ್ಪಲಿ ಬೇಡವೇ ಬೇಡ, ಮನೆಯವರ ಹಳೆಯ ಬೂಟು ಹಾಕಿಕೊಂಡರೆ ಯಾರೂ ನಗುವುದಿಲ್ಲ. ಕೊಡಲಿಯ ಪೆಟ್ಟಿಗೆ ಚೆಕ್ಕೆ ಹಾರುತ್ತದೆ, ಕಣ್ಣಿಗೆ ಕನ್ನಡಕವಿರಲಿ. ಮಣ್ಣು ತಾಗಿದ ಗಾಯವಾದರೆ ತೊಳೆದು, ಧನುರ್ವಾಯು ಚುಚ್ಚುಮದ್ದಿಗಾಗಿ ವೈದ್ಯರಲ್ಲಿ ಹೋಗಿ ಬನ್ನಿ.

ದಿನದ ಲೆಕ್ಕ

ಒಂದು ಅಡಿ ಅಡ್ಡಗಲದ ಬೊಡ್ಡೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾಲ ಯಾವುದು ಒಳ್ಳೆಯದು ಎಂದಿರಾ? ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಬೊಡ್ಡೆ ಕೀಳುವವರಿಗೂ ಆ ಮಳೆ ವರವೇ. ಏಪ್ರಿಲ್ ಕೊನೆ, ಮೇ ಮೊದಲಿನಲ್ಲಿ ಒಂದೆರಡು ಹದ ಮಳೆಯಾದ ಮೇಲೆ ನಮ್ಮ ಕೆಂಪು ಮಣ್ಣು ಬೆಲ್ಲದ ಹಾಗೆ ಗುದ್ದಲಿಗೆ ಸಿಕ್ಕುತ್ತದೆ. ಅದೇ ಮಣ್ಣು ಶಿವರಾತ್ರಿಯ ಹೊತ್ತಿಗೆ ಕಲ್ಲಾಗಿರುತ್ತದೆ.

1ನೇ ದಿನ: ಚಿಗುರನ್ನೆಲ್ಲ ಸವರಿ. ಬೊಡ್ಡೆಯ ಅಂಚಿನಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ. ನಾಲ್ಕು ಅಡಿ ಅಗಲದ ಮಂಡಲವಾಗುತ್ತದೆ. ಸಂಜೆ ಅದರೊಳಗೆ ಐದಾರು ಬಿಂದಿಗೆ ನೀರು ಹಾಕಿ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಎಲ್ಲವೂ ಆದೀತು. ಮಳೆಯಾಗಿದ್ದರೆ ಇದೂ ಬೇಡ.

2ರಿಂದ 5ನೇ ದಿನ: ಗೆರೆಯ ಒಳಗೆ ಸುತ್ತಲೂ ಅಗೆಯುತ್ತ ಬನ್ನಿ. ಮೇಲಿನ ಅರ್ಧ ಅಡಿ ಮಣ್ಣು ಒಂದು ಕಡೆ, ಅಡಿಯ ಮಣ್ಣು ಇನ್ನೊಂದು ಕಡೆ ಗುಡ್ಡೆ ಹಾಕಿ. ಇದನ್ನು ಮರೆಯಬೇಡಿ, ಮೇಲ್ಮಣ್ಣೇ ನಿಮ್ಮ ತೋಟದ ಬಂಗಾರ. ಒಂದೂಮುಕ್ಕಾಲು ಅಡಿ ಆಳಕ್ಕೆ ಹೋಗುವಷ್ಟರಲ್ಲಿ ಒಟ್ಟು ಎಪ್ಪತ್ತು ಎಂಬತ್ತು ಬಾಂಡ್ಲಿ ಮಣ್ಣಾಗುತ್ತದೆ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ದಿನಕ್ಕೆ ಇಪ್ಪತ್ತು ಬಾಂಡ್ಲಿಯಾದರೆ ನಾಲ್ಕೇ ದಿನ. ಬಾಂಡ್ಲಿಯನ್ನು ಮುಕ್ಕಾಲು ಮಾತ್ರ ತುಂಬಿ, ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಎತ್ತಿ. ಬೇರಿನ ಹತ್ತಿರ ಬಂದಾಗ ಗುದ್ದಲಿ ಬಿಟ್ಟು ಕುರ್ಪಿ ಹಿಡಿಯಿರಿ.

6ರಿಂದ 9ನೇ ದಿನ: ಈಗ ಬೇರುಗಳು ಕಾಣುತ್ತವೆ. ಕೆಲವು ಹೆಬ್ಬೆರಳಿನಷ್ಟು, ಕೆಲವು ಮುಂಗೈಯಷ್ಟು ದಪ್ಪ. ಕತ್ತರಿಸುವ ಮುನ್ನ ಒಂದು ಚೊಂಬು ನೀರು ಸುರಿದು ಮಣ್ಣು ತೊಳೆಯಿರಿ. ಮಣ್ಣಿನಲ್ಲಿರುವ ಮರಳಿಗೆ ಗರಗಸದ ಹಲ್ಲೂ ಕೊಡಲಿಯ ಬಾಯಿಯೂ ಒಂದೇ ದಿನದಲ್ಲಿ ಮೊಂಡಾಗುತ್ತವೆ. ಪ್ರತಿ ಬೇರಿಗೂ ಎರಡು ಕೊಯ್ತ: ಮೊದಲು ಗುಂಡಿಯ ಹೊರ ಅಂಚಿನಲ್ಲಿ, ಆಮೇಲೆ ಬೊಡ್ಡೆಯ ಮಗ್ಗುಲಲ್ಲಿ. ನಡುವಿನ ತುಂಡನ್ನು ತೆಗೆದು ಹಾಕಿ. ಒಂದೇ ಕಡೆ ಕತ್ತರಿಸಿ ಬಿಟ್ಟರೆ ಆ ಮೋಟು ಬೇರು ನಿಮ್ಮ ಕೈಗೂ ಸಲಿಕೆಗೂ ಅಡ್ಡ ಬರುತ್ತಲೇ ಇರುತ್ತದೆ. ಗರಗಸ ಸಿಕ್ಕಿಕೊಂಡರೆ ಜಗ್ಗಾಡಬೇಡಿ. ಕೊಯ್ತದ ಬಾಯಿಗೆ ಒಂದು ಮರದ ಬೆಣೆ ತುರುಕಿದರೆ ತಾನೇ ಬಿಡುತ್ತದೆ. ಹಸಿ ಬೇರು ಸುಲಭವಾಗಿ ತುಂಡಾಗುತ್ತದೆ, ಒಣಗಿದ ನೀಲಗಿರಿ ಕಬ್ಬಿಣದಂತೆ. ಆದ್ದರಿಂದ ಅಗೆದು ತಿಂಗಳುಗಟ್ಟಲೆ ಬಿಡಬೇಡಿ.

10ನೇ ದಿನ: ಎದ್ದ ಕಾಂಡವನ್ನು ಎರಡು ಕೈಯಲ್ಲಿ ಹಿಡಿದು ನಾಲ್ಕು ದಿಕ್ಕಿಗೂ ದೂಡಿ ನೋಡಿ. ಯಾವ ಕಡೆಗೆ ಅಲುಗುವುದಿಲ್ಲವೋ ಅಲ್ಲೆಲ್ಲೋ ಒಂದು ಬೇರು ಉಳಿದಿದೆ. ಕೆದಕಿ ಹುಡುಕಿ. ಸಾರಿನ ಬೇಳೆ ಬೆಂದಿದೆಯೋ ಇಲ್ಲವೋ ಎಂದು ಒಂದು ಕಾಳು ಹಿಚುಕಿ ನೋಡುವುದಿಲ್ಲವೇ, ಹಾಗೆ ಇದು ಪರೀಕ್ಷೆ. ಎಲ್ಲ ದಿಕ್ಕಿಗೂ ಸಮನಾಗಿ ಅಲುಗಿದರೆ ಪಕ್ಕದ ಬೇರು ಮುಗಿದವು, ಇನ್ನು ಕೆಳಗಿನದು ಮಾತ್ರ.

11, 12ನೇ ದಿನ: ಒಂದು ಮಗ್ಗುಲಿನಿಂದ ಬೊಡ್ಡೆಯ ಅಡಿಗೆ ಓರೆಯಾಗಿ ಅಗೆದು ಕೆಳಗಿಳಿದ ಬೇರುಗಳನ್ನು ತಲುಪಿ. ಈ ಹಂತದಲ್ಲಿ ಇನ್ನೊಬ್ಬರು ಜೊತೆಗಿರಲೇಬೇಕು. ಬೊಡ್ಡೆ ವಾಲದಂತೆ ಎದುರು ಮಗ್ಗುಲಿಗೆ ಕಲ್ಲು ಆನಿಸಿ. ಕೈಯನ್ನಾಗಲಿ ಕಾಲನ್ನಾಗಲಿ ಬೊಡ್ಡೆಯ ಅಡಿಗೆ ಚಾಚಲೇಬಾರದು. ಗರಗಸದ ತುದಿಯಿಂದಲೋ ಹಾರೆಯ ಚಪ್ಪಟೆ ಬಾಯಿಂದ ಕುಟ್ಟಿಯೋ ದೂರದಿಂದಲೇ ಬೇರು ತುಂಡರಿಸಿ. ಕೊನೆಯ ಬೇರು ಮುರಿಯುವಾಗ ಲಟಕ್ಕೆಂದು ಸದ್ದಾಗುತ್ತದೆ, ಬೊಡ್ಡೆ ವಾಲುತ್ತದೆ.

13, 14ನೇ ದಿನ: ಗುಂಡಿಯಿಂದ ಮೇಲೆತ್ತುವುದು. ಒಂದು ಅಡಿ ದಪ್ಪ, ಎರಡು ಅಡಿ ಉದ್ದದ ಹಸಿ ನೀಲಗಿರಿ ತುಂಡು ಹೆಚ್ಚು ಕಡಿಮೆ ಒಂದು ಮೂಟೆ ಸಿಮೆಂಟಿನಷ್ಟು, ಎಂದರೆ 50 ಕಿಲೋ ತೂಗುತ್ತದೆ. ಅಂಟಿದ ಮಣ್ಣು, ಬೇರಿನ ಗಂಟು ಬೇರೆ. ಮೊದಲು ಹಿಡಿಕೆಯಾಗಿದ್ದ ಉದ್ದ ಕಾಂಡವನ್ನು ಗರಗಸದಿಂದ ಕೊಯ್ದು ಭಾರ ಇಳಿಸಿ. ಆಮೇಲೆ ಅದನ್ನು ಎತ್ತಬೇಡಿ, ಏರಿಸಿ! ಹೇಗೆಂದು ಕೇಳಿ. ಹಾರೆಯ ತುದಿಯನ್ನು ಬೊಡ್ಡೆಯ ಒಂದು ಅಂಚಿನ ಕೆಳಗೆ ತೂರಿಸಿ, ತುದಿಯಿಂದ ಅರ್ಧ ಅಡಿ ಹಿಂದೆ ಒಂದು ಕಲ್ಲಿಟ್ಟು, ಇನ್ನೊಂದು ತುದಿಯನ್ನು ಒತ್ತಿ. ಐದು ಅಡಿಯ ಹಾರೆಯಲ್ಲಿ ನಿಮ್ಮ ಕಡೆ ನಾಲ್ಕೂವರೆ ಅಡಿ, ಬೊಡ್ಡೆಯ ಕಡೆ ಅರ್ಧ ಅಡಿ. ನೀವು 15 ಕಿಲೋ ಒತ್ತಿದರೆ ಆ ಕಡೆ ಒಂಬತ್ತರಷ್ಟು, ಎಂದರೆ 135 ಕಿಲೋ ಎತ್ತುವ ಬಲ. ಅಡಕತ್ತರಿಯ ಹಿಡಿ ಉದ್ದವಿದ್ದಷ್ಟೂ ಗಟ್ಟಿ ಅಡಕೆ ಸಲೀಸಾಗಿ ಹೋಳಾಗುವುದಿಲ್ಲವೇ? ಅದೇ ಲೆಕ್ಕ.

ಅಂಚು ನಾಲ್ಕು ಅಂಗುಲ ಮೇಲೆದ್ದಾಗ ಜೊತೆಯವರು ಸಲಿಕೆಯಿಂದ ಅಡಿಗೆ ಮಣ್ಣು ತಳ್ಳಲಿ. ಹಾರೆ ತೆಗೆದು ಎದುರು ಮಗ್ಗುಲಿಗೆ ಹೋಗಿ ಅಲ್ಲೂ ಹಾಗೆಯೇ ಮಾಡಿ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಪ್ರತಿ ಸಲವೂ ಗುಂಡಿ ನಾಲ್ಕು ಅಂಗುಲ ತುಂಬುತ್ತದೆ, ಬೊಡ್ಡೆ ನಾಲ್ಕು ಅಂಗುಲ ಏರುತ್ತದೆ. ತುಂಬಲು ಅಡಿಯ ಮಣ್ಣನ್ನೇ ಬಳಸಿ. ನೆಲಮಟ್ಟಕ್ಕೆ ಬಂದ ಮೇಲೆ ಹಲಗೆಯಿಟ್ಟು ಉರುಳಿಸಿದರಾಯಿತು. ಭಾರ ಎತ್ತಿದವರು ಯಾರೂ ಇಲ್ಲ, ಬೊಡ್ಡೆ ಮಾತ್ರ ಹೊರಗೆ!

15ನೇ ದಿನ: ಬಿಡುವು. ಎಣ್ಣೆ ಹಚ್ಚಿ ಬಿಸಿನೀರು ಸ್ನಾನ ಮಾಡಿ. ನಡುವೆ ಮಳೆಯೋ ನೆಂಟರೋ ಬಂದು ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ. ಗುಂಡಿಯ ಮೇಲೆ ಹಲಗೆಯೋ ತಗಡೋ ಮುಚ್ಚಿಡಿ. ಕತ್ತಲಲ್ಲಿ ಮಕ್ಕಳೋ ಅತ್ತೆಯವರೋ ಕಾಲು ಜಾರದಿರಲಿ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಲೋಟ ರಾಗಿ ಅಂಬಲಿ ಕುಡಿದರೆ ಹೊಟ್ಟೆ ತಣ್ಣಗಿರುತ್ತದೆ. ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಗಂಟಾಗದಂತೆ ಕೈಯಾಡಿಸಿ ಬೇಯಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಬೆರೆಸಿ. ಬೆವರಿ ಬಂದವರಿಗೂ ಇದಕ್ಕಿಂತ ಒಳ್ಳೆಯ ಪಾನೀಯವಿಲ್ಲ.

ಇವನ್ನು ಮಾಡಬೇಡಿ

"ಒಂದು ಮೂಟೆ ಉಪ್ಪು ಸುರೀರಿ, ಸತ್ತುಹೋಗತ್ತೆ" ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಬೊಡ್ಡೆ ಸಾಯುತ್ತದೋ ಇಲ್ಲವೋ, ಆ ಮಣ್ಣಿನಲ್ಲಿ ಮಾತ್ರ ಬಹಳ ಕಾಲ ಸೊಪ್ಪು ಹುಟ್ಟದು. ಸೀಮೆಎಣ್ಣೆ, ಗಾಡಿಯ ಹಳೆಯ ಆಯಿಲು, ಆಸಿಡ್ಡು ಇವೂ ಬೇಡ. ಅವು ಮಣ್ಣಿಗಿಳಿದರೆ ಬಾವಿಯ ನೀರಿಗೂ ಕೇಡು. ಬೆಂಕಿ ಹಚ್ಚುವುದಂತೂ ಅಪಾಯ. ಬೇರಿನೊಳಗೆ ಹೊಕ್ಕ ಕಿಡಿ ಮೇಲೆ ಬೂದಿ ತಣ್ಣಗಾದ ಮೇಲೂ ಮಣ್ಣಿನಡಿ ದಿನಗಟ್ಟಲೆ ಹೊಗೆಯಾಡುತ್ತದೆ, ಮಕ್ಕಳು ಕಾಲಿಟ್ಟರೆ ಗತಿಯೇನು? ಕಾರಿಗೋ ಟ್ರಾಕ್ಟರಿಗೋ ಹಗ್ಗ ಕಟ್ಟಿ ಎಳೆಸುವುದೂ ಬೇಡ. ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ, ಎದುರು ನಿಂತವರ ಕಣ್ಣೇ ಹೋದೀತು.

ಬರಿದಾದ ಜಾಗಕ್ಕೆ ಏನು?

ಬೊಡ್ಡೆ ಹೋದ ಕೂಡಲೇ ಗಿಡ ನೆಡುವ ಆತುರ ಬೇಡ. ನೀಲಗಿರಿಯ ಎಲೆ ತೊಗಟೆಗಳು ಬಿದ್ದು ಕೊಳೆತ ಮಣ್ಣು ಎಳೆಯ ಸಸಿಗಳಿಗೆ ಹಿಡಿಸದು. ಚೆಕ್ಕೆ, ಬೇರಿನ ಚೂರು, ತರಗೆಲೆಗಳನ್ನು ಆರಿಸಿ ತೆಗೆಯಿರಿ. ಮರದ ಚೂರು ಮಣ್ಣಿನೊಳಗೆ ಕೊಳೆಯುವಾಗ ಸಾರಜನಕವನ್ನು ತಾನೇ ಹೀರುತ್ತದೆ, ಸೊಪ್ಪು ಹಳದಿಯಾಗುತ್ತದೆ. ಸತ್ತ ಬೇರಿಗೆ ಗೆದ್ದಲೂ ಬರುತ್ತದೆ. ಎರಡು ಮೂರು ವಾರ ಜಾಗ ಬಿಸಿಲು ಕಾಯಲಿ. ಆಮೇಲೆ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ನೀವು ಎತ್ತಿಟ್ಟಿದ್ದ ಮೇಲ್ಮಣ್ಣು ಬೆರೆಸಿ, ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಏರಿ ಹಾಕಿ. ಮಳೆಗೆ ಅದು ಕುಸಿದು ಸಮನಾಗುತ್ತದೆ.

ಮೊದಲ ಬೆಳೆಯಾಗಿ ಅಲಸಂದೆ ಅಥವಾ ಹುರುಳಿ ಬಿತ್ತಿ. ಅವುಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಕಾಯಿ ಪಲ್ಯಕ್ಕಾಯಿತು, ಬಳ್ಳಿ ಅಲ್ಲೇ ಗೊಬ್ಬರವಾಯಿತು. ಎರಡನೆಯ ಬೆಳೆಗೆ ದಂಟು, ಮೆಂತ್ಯ, ಕೊತ್ತಂಬರಿ ಹಾಕಿ. ನಡುವೆ ಒಂದು ಕರಿಬೇವನ್ನೋ ನಿಂಬೆಯನ್ನೋ ನೆಟ್ಟರೆ ಮನೆಗೆ ಲಕ್ಷಣ. ಅಡುಗೆಮನೆಯ ನೀರು ಹರಿದು ಬರುವ ಕಡೆಯಾದರೆ ಬಾಳೆ ಇಡಿ.

ಕಿತ್ತ ಬೊಡ್ಡೆಯನ್ನೂ ಬಿಸಾಡಬೇಡಿ. ಬೇರಿನ ತುಂಡುಗಳು ಒಂದು ಬೇಸಗೆ ಒಣಗಿದರೆ ಸ್ನಾನದ ಹಂಡೆಯ ಒಲೆಗೆ ಒಳ್ಳೆಯ ಉರುವಲು. ಬೊಡ್ಡೆಯನ್ನು ತಲೆಕೆಳಗಾಗಿ ಇಟ್ಟು ಹೂಕುಂಡಕ್ಕೆ ಪೀಠ ಮಾಡಬಹುದು. ಮನೆಯ ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ, ಗೆದ್ದಲು ಅದರಿಂದ ಬಾಗಿಲಿನ ಚೌಕಟ್ಟಿಗೆ ದಾರಿ ಮಾಡಿಕೊಂಡೀತು.

ನಗರದ ಅಂಚಿನ ಊರುಗಳಲ್ಲಿ ಇಂದು ಚದರಡಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸಣ್ಣ ಊರುಗಳಿಗೂ ಆ ಗಾಳಿ ಬೀಸುತ್ತಿದೆ. ಅಂಥ ಕಾಲದಲ್ಲಿ ನಾಲ್ಕು ಅಡಿ ಅಗಲದ ನೆಲವನ್ನು ಒಂದು ಸತ್ತ ಮರದಿಂದ ಬಿಡಿಸಿ ಪಲ್ಯದ ಪಾತಿ ಮಾಡಿಕೊಳ್ಳುವುದು ಸಣ್ಣ ಸಂಪಾದನೆಯಲ್ಲ. ನಾಳೆ ಬೆಳಿಗ್ಗೆ ಹಾಲು ಕಾಯಿಸಿಟ್ಟು, ಹಿತ್ತಲಿಗೆ ಹೋಗಿ ಆ ಬೊಡ್ಡೆಯನ್ನು ಒಂದು ಸುತ್ತು ಹಾಕಿ ಬನ್ನಿ. ಕೈಯಲ್ಲಿ ರಂಗೋಲಿ ಡಬ್ಬಿ ಇರಲಿ. ಮುಂದಿನ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅಲ್ಲಿ ಅಲಸಂದೆಗೆ ಜಾಗ ಸಿದ್ಧವಾಗಿರುತ್ತದೆ.